ಒಂದು ಹಿಡಿ ನೋವು

ಸಾಲಗೇರಿಯ ಮಿಷನ್ ಆಸ್ಪತ್ರೆಯಲ್ಲಿ ಬ್ಯಾಂಡೇಜು ಬಿಚ್ಚುವ ಕೋಣೆಗೆ ಎರಡು ಬಾಗಿಲುಗಳಿವೆ. ಒಂದರಿಂದ ಒಳಗೆ ಬರಬೇಕು, ಇನ್ನೊಂದರಿಂದ ಹೊರಗೆ ಹೋಗಬೇಕು. ಕಟ್ಟಿಸಿದವರು ಯಾರೋ ನನಗೆ ಗೊತ್ತಿಲ್ಲ, ಆದರೆ ಬುದ್ಧಿವಂತರೇ ಇರಬೇಕು. ಸರದಿಯಲ್ಲಿ ಕೂತವರು ಹೊರಗೆ ಹೋಗುವವರ ಮುಖ ನೋಡಬಾರದು ಎಂದು ಹಾಗೆ ಮಾಡಿದ್ದಾರೆ. ಮುಖ ಕಾಣದಿದ್ದರೇನು, ಕೂಗು ಕೇಳಿಸುತ್ತಿತ್ತು.

ಆ ಕೋಣೆಯಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದ್ದೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಮಿಕ್ಕದ್ದನ್ನು ಆ ಕೋಣೆಯೇ ಕಲಿಸಿತು. ಸುಟ್ಟ ಗಾಯದ ಬ್ಯಾಂಡೇಜು ಬಿಚ್ಚುವಾಗ ರೋಗಿ ಕೂಗಿದರೆ ನಾನು ಹೆದರುವುದಿಲ್ಲ. ಸುಮ್ಮನಿದ್ದರೆ ಕೈ ನಿಲ್ಲಿಸಿ ಮುಖ ನೋಡುತ್ತೇನೆ. ಇಷ್ಟು ತಿಳಿದಿದ್ದೂ ಒಮ್ಮೆ ನಾನು ಮುಖ ನೋಡಲಿಲ್ಲ, ಲಾಡು ತಿಂದೆ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗ ಎಲೀಷ, ಅವನ ಸಹಪಾಠಿ ಪ್ರಿಸಿಲ್ಲಾ, ಇಬ್ಬರೂ ನಮ್ಮ ಮಿಷನ್ ಕಾಲೇಜಿನಲ್ಲಿ ಓದಿದವರು. ಎಲೀಷ ನರಗಳ ವಿಷಯ ಕಲಿತ, ಪ್ರಿಸಿಲ್ಲಾ ಯಂತ್ರ ಕಟ್ಟುವುದನ್ನು ಕಲಿತಳು. ಆ ಕಾಲೇಜಿನಲ್ಲಿ ಒಂದು ಪದ್ಧತಿ ಇದೆ. ಓದು ಮುಗಿದ ದಿನದ ಆರಾಧನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಬದುಕಿನ ದಶಮಾಂಶ, ಅಂದರೆ ದೇವರಿಗೆ ಬಿಡುವ ಹತ್ತನೇ ಒಂದು ಪಾಲು, ಏನು ಎಂದು ಒಂದು ಚೀಟಿಯಲ್ಲಿ ಬರೆದು ಕಾಣಿಕೆ ತಟ್ಟೆಗೆ ಹಾಕಬೇಕು. ಇವರಿಬ್ಬರೂ ದುಡಿಯುವ ವರ್ಷ ಮೂವತ್ತು ಎಂದು ಲೆಕ್ಕ ಹಿಡಿದು, ಅದರಲ್ಲಿ ಮೂರು ವರ್ಷ ದೇವರಿಗೆ ಎಂದು ಬರೆದರು. ಆ ಮೂರು ವರ್ಷ ಕಳೆಯಲು ನಮ್ಮ ಆಸ್ಪತ್ರೆಗೆ ಬಂದರು. ಬಳಕೆ ತಪ್ಪಿದ ಹಳೆಯ ಎಕ್ಸ್‌ರೇ ಕೋಣೆಯನ್ನು ಅವರಿಗೆ ಕೊಟ್ಟರು.

ನೋವು ಇಳಿಸುವ ಬಳೆ ಮಾಡುತ್ತೇವೆ ಎಂದು ಅವರು ಹೇಳಿದಾಗ ನಾನು ನಕ್ಕಿದ್ದೆ. ಗಾಯದಿಂದ ತಲೆಗೆ ಹೋಗುವ ಸುದ್ದಿಯನ್ನು ಆ ಬಳೆ ಓದಿ, ದಾರಿಯಲ್ಲೇ ತಡೆಯುತ್ತಿತ್ತು. ಅಷ್ಟನ್ನು ಬೇರೆ ಊರಿನವರೂ ಮಾಡಿದ್ದರಂತೆ. ಆದರೆ ಬರೀ ತಡೆದರೆ ಎರಡು ತಾಸಿನಲ್ಲಿ ನೋವು ಬೇರೆ ದಾರಿ ಹುಡುಕಿಕೊಂಡು ತಲೆ ಮುಟ್ಟುತ್ತಿತ್ತು. ಎಲೀಷ ಕಂಡುಕೊಂಡದ್ದು ಬೇರೆ. ಅದೇ ನೋವನ್ನು ಒಬ್ಬ ಗಟ್ಟಿಮುಟ್ಟಾದ ಮನುಷ್ಯನ ನರಕ್ಕೆ ಕಳಿಸಿದರೆ, ಅವನ ಮೆದುಳು ಅದನ್ನು ನಿಜವಾಗಿ ಅನುಭವಿಸಿ, ಸ್ವಲ್ಪ ಹೊತ್ತಿನಲ್ಲಿ ತಾನೇ ಸಮಾಧಾನ ಮಾಡಿಕೊಳ್ಳುತ್ತದೆ. ಆ ಸಮಾಧಾನವನ್ನು ಹಿಂದಕ್ಕೆ ತಂದು ರೋಗಿಗೆ ಕೊಟ್ಟರೆ ತಡೆ ನಿಲ್ಲುತ್ತದೆ. ಅಂದರೆ ನೋವನ್ನು ಯಾರಾದರೂ ಒಬ್ಬರು ಅನುಭವಿಸಲೇಬೇಕು. ಪುಕ್ಕಟೆ ಹೋಗುವುದಿಲ್ಲ.

ಮೊದಲು ಅವನೇ ಅನುಭವಿಸಿದ. ಸೊಂಟ ಮುರಿದ ಒಬ್ಬ ಮುದುಕನ ನೋವನ್ನು ಪೂರ್ತಿ ತನ್ನ ಕೈಯ ಬಳೆಗೆ ತಂದುಕೊಂಡು, ಐದು ನಿಮಿಷಕ್ಕೆ ಎಚ್ಚರ ತಪ್ಪಿ ಬಿದ್ದು, ಹಣೆಗೆ ಮೂರು ಹೊಲಿಗೆ ಹಾಕಿಸಿಕೊಂಡ. ಹೊಲಿಗೆಯ ಬ್ಯಾಂಡೇಜು ನಾನೇ ಕಟ್ಟಿದೆ.

"ಪ್ರಾರ್ಥನಿ ಮಾಡಿ ಶುರು ಮಾಡಿದ್ದೆ ಚಿಗವ್ವ," ಅಂದ, ಸಪ್ಪೆ ಮುಖ ಮಾಡಿಕೊಂಡು.

ಪಕ್ಕದಲ್ಲಿ ನಿಂತಿದ್ದ ಪ್ರಿಸಿಲ್ಲಾ, "ಪ್ರಾರ್ಥನಿ ಬ್ಯಾರೆ, ಟೆಸ್ಟಿಂಗ್ ಬ್ಯಾರೆ ಅಂತ ಎಷ್ಟು ಸಲ ಹೇಳೇನಿ. ಎರಡೂ ಮಾಡಬೇಕು. ನೀ ಒಂದ ಮಾಡ್ತಿ," ಎಂದು ಬೈದಳು.

*

ಎಲೀಷ ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದ. ಒಂದು ದಿನ ಮಧ್ಯಾಹ್ನ ಅವನು ರೊಟ್ಟಿ ತಿನ್ನುತ್ತಿದ್ದಾಗ ನಾನು ಅನ್ನಕ್ಕೆ ಅಕ್ಕಿ ಅಳೆದು, ಅದರಲ್ಲಿ ಒಂದು ಹಿಡಿ ತೆಗೆದು ಗೂಟಕ್ಕೆ ತೂಗುಹಾಕಿದ್ದ ಚೀಲಕ್ಕೆ ಹಾಕಿದೆ. ನಮ್ಮ ಸಭೆಯ ಹೆಂಗಸರೆಲ್ಲ ಹಾಗೆ ಮಾಡುತ್ತೇವೆ. ಅನ್ನ ಮಾಡುವಾಗಲೆಲ್ಲ ಒಂದು ಹಿಡಿ. ಭಾನುವಾರ ಚರ್ಚಿನ ಬಾಗಿಲ ಬಳಿಯ ದೊಡ್ಡ ಚೀಲಕ್ಕೆ ಅದನ್ನು ಸುರಿಯುತ್ತೇವೆ. ಯಾರು ಎಷ್ಟು ತಂದರು ಎಂದು ಯಾರೂ ಇಣುಕಿ ನೋಡುವುದಿಲ್ಲ. ಆ ಅಕ್ಕಿಯಿಂದ ವಾರವೆಲ್ಲ ರೋಗಿಗಳ ಸಂಗಡ ಬಂದವರಿಗೆ ಗಂಜಿ, ಅನ್ನ.

ಹುಟ್ಟಿದಾಗಿನಿಂದ ನೋಡಿದ್ದನ್ನೇ ಆ ಹುಡುಗ ಅವತ್ತು ಹೊಸದಾಗಿ ನೋಡಿದ.

"ಚಿಗವ್ವ, ದಿನಾ ಒಂದು ಹಿಡಿ ತಗದ್ರ ನಮ್ಮ ಊಟ ಕಮ್ಮಿ ಆಗೂದಿಲ್ಲೇನು?"

"ಒಂದು ಹಿಡಿಗೆ ಯಾರ ಹೊಟ್ಟಿ ಖಾಲಿ ಆಗತೈತೋ? ತಗದದ್ದು ಗೊತ್ತ ಆಗೂದಿಲ್ಲ."

"ಎಷ್ಟು ಮನಿಯವರು ಹಾಕ್ತೀರಿ?"

"ಅರವತ್ತು ಮನಿ. ಯಾಕ, ಇನ್ನೊಂದು ರೊಟ್ಟಿ ಹಾಕ್ಲಿ?"

ಅವನು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದು ಓಡಿದ. ಕೈಯನ್ನೂ ತೊಳೆಯಲಿಲ್ಲ. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರು, ಸತ್ಯವಂತ, ರೈಲ್ವೆ ಗೇಟಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದವರು, ಕನ್ನಡಕದ ಮೇಲಿಂದ ನೋಡಿ, "ಇವಂಗ ಹಣಿಗೆ ಹೊಲಿಗಿ ಹಾಕಿದ್ದು ಬಿಚ್ಚಿ ಹೋತೇನು?" ಅಂದರು.

ಎರಡು ತಿಂಗಳಲ್ಲಿ ಪ್ರಿಸಿಲ್ಲಾ ಅರವತ್ತು ಬಳೆ ಮಾಡಿದಳು. ಬೂದು ಬಣ್ಣದ, ಹಗುರವಾದ ರಬ್ಬರಿನ ಬಳೆಗಳು. ರೋಗಿಯ ನೋವನ್ನು ನೂರು ಪಾಲು ಮಾಡಿ, ಒಂದು ಬಳೆಗೆ ಒಂದು ಪಾಲು ಕಳಿಸುವಂತೆ ಯಂತ್ರವನ್ನು ಹೊಂದಿಸಿದಳು. ಬಳೆಗಳನ್ನು ಒಂದು ಬುಟ್ಟಿಯಲ್ಲಿ ಹಾಕಿ ಚರ್ಚಿನಲ್ಲಿ ಅಕ್ಕಿ ಚೀಲದ ಪಕ್ಕದಲ್ಲೇ ಇಟ್ಟರು. ಬೇಕಾದವರು ತೆಗೆದುಕೊಂಡು ಹೋಗಬಹುದು, ಸಾಕಾದವರು ಬುಟ್ಟಿಗೆ ಹಿಂದಕ್ಕೆ ಹಾಕಬಹುದು. ಹೆಸರು ಬರೆಯುವುದಿಲ್ಲ. ಬಳೆ ಎಷ್ಟು ಎಂಬುದು ಯಂತ್ರಕ್ಕೆ ಗೊತ್ತು, ಯಾರ ಕೈ ಎಂಬುದು ಗೊತ್ತಿಲ್ಲ. ಎಲೀಷನೇ ಹಾಗೆ ಇರಲಿ ಅಂದ. ಅಕ್ಕಿಗೆ ಇಲ್ಲದ ಪಟ್ಟಿ ಇದಕ್ಕೇಕೆ?

ಗಂಡಸರು ಮೊದಲು ಹಿಂಜರಿದರು. "ಈ ವಯಸ್ಸಿಗೆ ಬಳಿ ತೊಟಗೊಂಡು ಅಡ್ಡಾಡೂದೇನು," ಎಂದು ನಮ್ಮವರೇ ಗೊಣಗಿದರು. ಮರುವಾರ ಅವರ ಕೈಯಲ್ಲೂ ಒಂದು ಇತ್ತು.

*

ಆ ಅರವತ್ತು ಬಳೆಗಳ ನೆರವನ್ನು ಮೊದಲು ಪಡೆದ ರೋಗಿ ರೇಣವ್ವ.

ಅವಳು ಸ್ಟೇಷನ್ ರಸ್ತೆಯಲ್ಲಿ ಮಿರ್ಚಿ ಭಜಿ ಕರಿಯುವವಳು. ಗಂಡ ಸತ್ತು ಹನ್ನೆರಡು ವರ್ಷ, ಮಕ್ಕಳಿಲ್ಲ. ಆ ಬಂಡಿ ಅಂಗಡಿಯೇ ಅವಳಿಗೆ ಗಂಡನೂ ಹೌದು, ಮಗನೂ ಹೌದು. ಜನವರಿಯಲ್ಲಿ ಒಂದು ಎತ್ತು ಬೆದರಿ ಬಂಡಿಗೆ ಗುದ್ದಿ, ಕಾದ ಎಣ್ಣೆಯ ಬಾಣಲೆ ಅವಳ ಬಲಗೈ ಮೇಲೆ ಬಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ.

ನನ್ನ ಕೋಣೆಗೆ ಬಂದಾಗ ಅವಳು ಅಳುತ್ತಿರಲಿಲ್ಲ, ವಿಚಾರಣೆ ಮಾಡುತ್ತಿದ್ದಳು.

"ಕೃಪಕ್ಕಾರ, ಖರೇ ಹೇಳ್ರಿ. ಈ ಕೈ ಉಳಿತೈತೋ ಇಲ್ಲೋ?"

"ಉಳಿಸ್ತೀವಿ."

"ಉಳಿಸೂದು ಅಂದ್ರ ಹೆಂಗ? ಗೋಡಿಗೆ ತೂಗಹಾಕಿದ ಫೋಟೋದ ಹಂಗ ಉಳಿಸೂದು ಬ್ಯಾಡ. ಝಾರಿ ಹಿಡಿದು ಎಣ್ಯಾಗಿಂದ ಭಜಿ ತಗಿಬೇಕು. ಇಲ್ಲಾಂದ್ರ ನಾ ಯಾರ ಮನಿ ಬಾಗಲಿಗೆ ಹೋಗಿ ನಿಂದರ್ಲಿ?"

"ಝಾರಿ ಹಿಡಿಯೂವಂಗ ಉಳಿಸ್ತೀವಿ. ಈಗ ಸುಮ್ನ ಕೂಡು."

ಎಲೀಷ ಬಂದು ಬಳೆಯ ವಿಷಯ ಹೇಳಿದ. ಅವಳು ಗಮನವಿಟ್ಟು ಕೇಳಿದಳು.

"ನನ್ನ ನೋವು ಬ್ಯಾರೆಯವರು ಯಾಕ ತಗೋತಾರ? ನಾ ನಿಮ್ಮ ಚರ್ಚಿಗೆ ಬರಬೇಕೇನು?"

"ಬ್ಯಾಡ ಯವ್ವಾ. ನೀವು ಏನೂ ಮಾಡೂದು ಬ್ಯಾಡ."

"ಮತ್ತ ಅವರಿಗೇನು ಸಿಗತೈತಿ?"

ನಾನೇ ಹೇಳಿದೆ: "ಕೈಯಾಗ ಸ್ವಲ್ಪ ಉರಿ ಸಿಗತೈತಿ."

ರೇಣವ್ವ ನಕ್ಕು ಎಡಗೈ ಚಾಚಿದಳು. "ಹಾಕ್ರಿ ಹಂಗಾರ. ಹನ್ನೆರಡು ವರ್ಷದ ಮ್ಯಾಲೆ ಬಳಿ."

ಅರವತ್ತು ಬಳೆಗಳು ಊರೆಲ್ಲ ಹರಡಿದ್ದವು. ನೂರರಲ್ಲಿ ಅರವತ್ತು ಪಾಲು ಹೊರಗೆ, ನಲವತ್ತು ಪಾಲು ಅವಳ ಹತ್ತಿರ. ಬ್ಯಾಂಡೇಜು ಬಿಚ್ಚುವಾಗ ಅವಳು "ಅಯ್ಯಯ್ಯೋ ನಿಧಾನ್ರಿ" ಎಂದಳು, ಹಲ್ಲು ಕಚ್ಚಿದಳು, ನನಗೆ ಎರಡು ಬೈಗುಳ ಬೈದಳು. ಆದರೆ ಕೂಗಲಿಲ್ಲ. ಹೊರಗೆ ಸರದಿಯಲ್ಲಿ ಕೂತವರು ಬಾಗಿಲ ಕಡೆ ನೋಡಿ, ಇವತ್ತು ಕೋಣೆ ರಜೆಯೋ ಏನೋ ಅಂದುಕೊಂಡರಂತೆ.

ನನ್ನ ಕೈಯಲ್ಲೂ ಒಂದು ಬಳೆ ಇತ್ತು. ಒಂದು ಪಾಲು ಅಂದರೆ ಎಷ್ಟು ಎಂದು ಕೇಳುತ್ತೀರಾ? ರೋಗಿಗೆ ಎಲ್ಲಿ ಗಾಯವೋ ನಮಗೂ ಅಲ್ಲೇ, ಬಿಸಿ ಚಹಾದ ಸ್ಟೀಲ್ ಲೋಟವನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದ ಹಾಗೆ. ಅಷ್ಟೇ. ಅವತ್ತು ಹನ್ನೊಂದು ಗಂಟೆಗೆ ಊರಿನ ಅರವತ್ತು ಅಡುಗೆಮನೆ, ಅಂಗಡಿ, ಆಫೀಸುಗಳಲ್ಲಿ ಅರವತ್ತು ಜನ ಒಮ್ಮೆಲೇ "ಉಸ್" ಎಂದು ಬಲಗೈ ಝಾಡಿಸಿರಬೇಕು. ಅದನ್ನು ನೆನೆದು ನಾನು ಬಹಳ ದಿನ ಒಳಗೊಳಗೇ ನಕ್ಕಿದ್ದೇನೆ.

*

ಈಸ್ಟರಿಗೆ ಮುಂಚಿನ ನಲವತ್ತು ದಿನ ನಮಗೆ ಲೆಂಟ್ ಕಾಲ. ಆಗ ಎಲ್ಲರೂ ಏನಾದರೂ ಒಂದನ್ನು ಬಿಡುತ್ತಾರೆ. ಕೆಲವರು ಮಾಂಸ, ಕೆಲವರು ಒಂದು ಹೊತ್ತಿನ ಊಟ. ನಮ್ಮವರು ಪ್ರತಿ ವರ್ಷ ಚಹಾ ಬಿಡುತ್ತಿದ್ದರು. ಆ ನಲವತ್ತು ದಿನ ಅವರ ಸಿಡುಕು ಸಹಿಸುವುದೇ ನನ್ನ ತಪಸ್ಸು.

ಆ ವರ್ಷ ಅವರು ಚಹಾ ಬಿಡಲಿಲ್ಲ. ಬೆಳಿಗ್ಗೆ ಎದ್ದು, "ಚಾ ಇಡು," ಅಂದರು, ನಗುನಗುತ್ತ. ನನಗೆ ಆಶ್ಚರ್ಯವಾಯಿತು. ಇನ್ನೂ ಆಶ್ಚರ್ಯದ ಸಂಗತಿ ಎಂದರೆ, ಮಾರ್ಚ್ ತಿಂಗಳ ಆ ಬಿಸಿಲಲ್ಲಿ ಅವರು ತುಂಬು ತೋಳಿನ ಅಂಗಿ ಹಾಕಿ, ಗುಂಡಿಯನ್ನೂ ಹಾಕಿಕೊಂಡು ಕೂರುತ್ತಿದ್ದರು.

"ಸೆಕಿ ಆಗೂದಿಲ್ಲೇನ್ರಿ?"

"ವಯಸ್ಸಾತು. ಥಂಡಿ ಹತ್ತತೈತಿ."

ನಾನು ನಂಬಿದೆ. ಮೂವತ್ತೊಂದು ವರ್ಷ ಜನರ ಮುಖ ಓದಿದವಳು ಮನೆಯಲ್ಲಿ ಮಾತ್ರ ಓದುವುದಿಲ್ಲ.

ಆ ಬಾರಿ ಚರ್ಚಿನ ಬುಟ್ಟಿಗೆ ಹಿಂದಕ್ಕೆ ಬಂದಿದ್ದ ಬಳೆಗಳೂ ಮೊದಲ ಭಾನುವಾರವೇ ಖಾಲಿಯಾದವು. ಸ್ತ್ರೀ ಸಂಘದವರು ಹೋಗಿ ಇನ್ನಷ್ಟು ಬಳೆ ಬೇಕೆಂದು ಕೇಳಿದರು. ಈಗ ಅಚ್ಚು ಸಿದ್ಧವಿದ್ದುದರಿಂದ ಪ್ರಿಸಿಲ್ಲಾ ಖುಷಿಯಿಂದ ನಾಲ್ಕೇ ದಿನದಲ್ಲಿ ಇನ್ನೂ ನೂರು ಮಾಡಿಕೊಟ್ಟಳು. ಅವೂ ಖಾಲಿಯಾದವು. ಈಗ ಒಟ್ಟು ನೂರ ಅರವತ್ತು ಬಳೆ, ರೋಗಿ ಒಬ್ಬಳೇ, ಪಾಲು ನೂರೇ. ನೂರು ದಾಟಿದ ಮೇಲೆ ಬಳೆ ಹೆಚ್ಚಾದಷ್ಟೂ ಒಬ್ಬೊಬ್ಬರ ಪಾಲು ತೆಳ್ಳಗಾಯಿತು. ಲೆಂಟ್ ಕಾಲದಲ್ಲಿ ನೋವು ಕಡಿಮೆಯಾದರೆ ನಮ್ಮ ಸಭೆಯವರಿಗೆ ಸಮಾಧಾನವೆಲ್ಲಿ? "ಈ ಬಳಿ ಏನೂ ಗೊತ್ತ ಆಗವಲ್ದು," ಎಂದು ಇನ್ನೊಂದನ್ನು ತೆಗೆದುಕೊಂಡರು. ಯಾರೂ ಇನ್ನೊಬ್ಬರಿಗೆ ಹೇಳಲಿಲ್ಲ. ಕೊಟ್ಟದ್ದನ್ನು ಹೇಳಿಕೊಳ್ಳುವುದು ನಮ್ಮಲ್ಲಿಲ್ಲ. ನಾನೂ ಒಂದರ ಜಾಗದಲ್ಲಿ ಎರಡು ತೊಟ್ಟು, ಆಸ್ಪತ್ರೆಗೆ ಬಂದೊಡನೆ ಒಂದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ.

ಎರಡನೆಯ ವಾರದ ಗುರುವಾರ ಪ್ರಿಸಿಲ್ಲಾ ನನ್ನ ಕೋಣೆಗೆ ಓಡಿ ಬಂದು ಕೈಹಿಡಿದು ಎಕ್ಸ್‌ರೇ ಕೋಣೆಗೆ ಎಳೆದುಕೊಂಡು ಹೋದಳು. ಅಲ್ಲಿ ಗೋಡೆಯ ಮೇಲೆ ಒಂದು ಪರದೆ. ಅದರಲ್ಲಿ ಎರಡೇ ಅಂಕಿ ಬರುತ್ತಿದ್ದವು. ಹೊರಗೆ ಹೋದ ಪಾಲು ಎಷ್ಟು, ರೋಗಿಯಲ್ಲಿ ಉಳಿದದ್ದು ಎಷ್ಟು.

"ನೋಡ್ರಿ ಆಂಟಿ! ಸೊನ್ನಿ!"

ಉಳಿದದ್ದು ಸೊನ್ನೆ. ಎಲೀಷ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳುತ್ತಿದ್ದ. ಸರ್ಜನ್ ಡಾಕ್ಟರಮ್ಮ ಬಂದು ನೋಡಿ, "ಭೇಷ್. ನೋವ ಇಲ್ಲಾಂದ್ರ ದಿನಾ ಬಿಚ್ಚಿ ತ್ರಾಸು ಯಾಕ? ಎರಡು ದಿನಕ್ಕೊಮ್ಮೆ ಸಾಕು," ಎಂದರು. ಪ್ರಿಸಿಲ್ಲಾ ಲಾಡು ಹಂಚಿದಳು. ನಾನು ಎರಡು ತಿಂದೆ.

*

ಶನಿವಾರ ಬೆಳಿಗ್ಗೆ ರೇಣವ್ವ ಕೋಣೆಗೆ ಬಂದಳು. ಹಾಡು ಗುನುಗುತ್ತಿದ್ದಳು. ಬೆಂಚಿನ ಮೇಲೆ ಕೂತು, ಸ್ಟೇಷನ್ ರಸ್ತೆಯಲ್ಲಿ ತನ್ನ ಜಾಗಕ್ಕೆ ಯಾರೋ ಗೋಬಿ ಮಂಚೂರಿಯ ಬಂಡಿ ನಿಲ್ಲಿಸಿದ್ದಾನೆಂದು ಅವನ ವಂಶವನ್ನೆಲ್ಲ ಹರಸತೊಡಗಿದಳು. ನಾನು ಬ್ಯಾಂಡೇಜು ಬಿಚ್ಚುತ್ತಾ ಹೋದೆ. ಮಣಿಕಟ್ಟಿನ ಬಳಿ ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ಎಳೆದೆ. ಸ್ವಲ್ಪ ಜೋರಾಗಿಯೇ ಎಳೆದೆ ಎನ್ನಿ.

ಅವಳು ನಗುತ್ತಿದ್ದಳು. ಗೋಬಿಯವನ ಮಾತಿಗೆ.

ನನ್ನ ಕೈ ನಿಂತಿತು. ಆ ಜಾಗದಲ್ಲಿ ಬಟ್ಟೆ ಎಳೆದಾಗ ನಕ್ಕವರನ್ನು ನಾನು ಜನ್ಮದಲ್ಲಿ ನೋಡಿಲ್ಲ. ಮೂಗು ಹತ್ತಿರ ಒಯ್ದೆ. ಸಿಹಿಸಿಹಿಯಾದ ವಾಸನೆ. ಆ ವಾಸನೆ ಏನೆಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

"ರೇಣವ್ವ, ಬೆರಳ ಮಡಚು."

"ಮಡಚೇನಲ್ರಿ."

ಮಡಚಿರಲಿಲ್ಲ. ಕಿರುಬೆರಳು, ಅದರ ಪಕ್ಕದ್ದು, ನೀಲಿಗಟ್ಟಿ ನೆಟ್ಟಗೆ ನಿಂತಿದ್ದವು. ಕೈಗೆ ಆಸರೆಯಾಗಿ ಕಟ್ಟಿದ್ದ ಪಟ್ಟಿ ಊತಕ್ಕೆ ಬಿಗಿದು ಮಾಂಸಕ್ಕೆ ಕೂತುಬಿಟ್ಟಿತ್ತು. ಒಳಗೆ ಕೀವು. ಎರಡು ದಿನದಿಂದ ಆ ಕೈ ಕೂಗಿಕೊಂಡಿದೆ. ಆ ಕೂಗನ್ನು ನಾವು ನೂರ ಅರವತ್ತು ಚೂರು ಮಾಡಿ ಊರಿಗೆಲ್ಲ ಹಂಚಿ, ಅವಳಿಗೆ ಒಂದು ಚೂರನ್ನೂ ಬಿಟ್ಟಿರಲಿಲ್ಲ.

"ಏನಾತ್ರಿ ಕೃಪಕ್ಕಾರ? ಯಾಕ ಸುಮ್ಮನಾದ್ರಿ?"

ಅವಳು ಈಗ ನನ್ನ ಮುಖ ಓದುತ್ತಿದ್ದಳು.

ಡಾಕ್ಟರಮ್ಮ ಆಪರೇಷನ್ ಮಾಡಿ ಮಧ್ಯಾಹ್ನ ಹೊರಗೆ ಬಂದರು. ಮುಖದ ಬಟ್ಟೆ ತೆಗೆದು, "ಸೋಮವಾರದ ತನಕ ಬಿಟ್ಟಿದ್ರ ಮೊಣಕೈ ತನಕ ತಗೀಬೇಕಾಗಿತ್ತು. ಈಗೂ ಹೇಳಾಕ ಆಗೂದಿಲ್ಲ. ಒಂದು ವಾರ ನೋಡೂಣು," ಎಂದರು. ಎರಡು ದಿನಕ್ಕೊಮ್ಮೆ ಸಾಕು ಅಂದದ್ದು ತಾವೇ ಎಂದೂ ಅವರೇ ಹೇಳಿದರು. ದೊಡ್ಡವರ ಬಾಯಲ್ಲಿ ಆ ಮಾತು ಬರುವುದು ಅಪರೂಪ.

ಎಕ್ಸ್‌ರೇ ಕೋಣೆಯಲ್ಲಿ ಎಲೀಷ ಪರದೆಯ ಮುಂದೆ ಕೂತಿದ್ದ. ಯಂತ್ರ ಬಂದ್ ಮಾಡಿದ್ದ. ಪ್ರಿಸಿಲ್ಲಾಳ ಕಣ್ಣುಗಳು ಕೆಂಪಾಗಿದ್ದವು.

"ಕೊಡೋರು ಕಮ್ಮಿ ಬಿದ್ರ ಏನು ಮಾಡೂದು ಅಂತ ಆರು ದಾರಿ ಬರದಿಟ್ಟಿದ್ವಿ ಆಂಟಿ," ಅಂದಳು. "ಹೆಚ್ಚಾದ್ರ ಏನು ಮಾಡೂದು ಅಂತ ಒಂದೂ ಬರೀಲಿಲ್ಲ. ಹೆಚ್ಚಾಗ್ತಾರ ಅಂತ ಯಾರು ತಿಳಕೋತಾರ?"

"ಇದನ್ನ ಮುಗಿಸಿಬಿಡೂಣು," ಅಂದ ಎಲೀಷ. "ನಾಳೆ ಚರ್ಚಿನ್ಯಾಗ ಹೇಳ್ತೇನಿ. ಎಲ್ಲಾ ಬಳಿ ತಿರುಗಿ ಕೊಡ್ರಿ ಅಂತ. ನಾ ಎಲ್ಲೆರೆ ಮಾಸ್ತರಿಕಿ ಮಾಡ್ತೇನಿ."

ನಾನು ಕೈಯ ಎರಡು ಬಳೆ ತೆಗೆದು ಅವನ ಮೇಜಿನ ಮೇಲಿಟ್ಟೆ.

ಅವನು ಎರಡನ್ನೂ ನೋಡಿದ, ನನ್ನನ್ನೂ ನೋಡಿದ. "ಚಿಗವ್ವ, ನೀನೂ?"

*

ಭಾನುವಾರ ಆರಾಧನೆ ಮುಗಿದ ಮೇಲೆ ಎಲೀಷ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದ. ಯಾರ ತಪ್ಪೂ ಅಲ್ಲ, ನನ್ನ ತಪ್ಪು ಎಂದ. ನಮ್ಮ ಪಾಸ್ಟರ್ ದೇವಸಹಾಯ ಅಯ್ಯನವರು ಎದ್ದು, "ಒಂದಕ್ಕಿಂತ ಹೆಚ್ಚು ಬಳಿ ತೊಟ್ಟವರು ಎದ್ದು ನಿಲ್ಲಬೇಕು," ಎಂದರು.

ಯಾರೂ ಏಳಲಿಲ್ಲ. ಗಂಡಸರ ಸಾಲಿನಲ್ಲಿ ಒಂದು ಬೆಂಚು ಕಿರುಗುಟ್ಟಿತು. ತಿರುಗಿ ನೋಡಿದರೆ ನಮ್ಮವರು. ನಿಧಾನವಾಗಿ ಅಂಗಿಯ ಗುಂಡಿ ಬಿಚ್ಚಿ, ತೋಳು ಮೇಲಕ್ಕೆ ಮಡಚಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಬಳೆಗಳು. ಮದುವಣಗಿತ್ತಿಯ ಕೈಯ ಹಾಗೆ.

"ಏಳು," ಎಂದರು ತಲೆ ತಗ್ಗಿಸಿ. "ಚಾ ಬಿಡಾಕ ಆಗಲಿಲ್ಲ ಅಯ್ಯನವರ. ಅದಕ್ಕ."

ಯಾರೋ ಕಿಸಕ್ಕನೆ ನಕ್ಕರು. ಅಷ್ಟೇ ಸಾಕಾಯಿತು. ಒಬ್ಬೊಬ್ಬರಾಗಿ ಏಳತೊಡಗಿದರು. ಎರಡು, ಮೂರು, ನಾಲ್ಕು. ನಾನೂ ಎದ್ದೆ. ಕಡೆಗೆ ಕೂತವರೇ ಕಡಿಮೆ. ಪಾಸ್ಟರ್ ಅಯ್ಯನವರು ಸುತ್ತಲೂ ನೋಡಿ, ತಮ್ಮ ಬಿಳಿ ನಿಲುವಂಗಿಯ ತೋಳನ್ನು ಮೇಲೆತ್ತಿದರು. ಅಲ್ಲಿಯೂ ಮೂರು.

ಆ ನಗುವಿನಲ್ಲಿ ನನಗೆ ಧೈರ್ಯ ಬಂತು. ಚರ್ಚಿನಲ್ಲಿ ಎಂದೂ ಬಾಯಿ ತೆರೆಯದವಳು ನಾನು, ಹಾಡುವಾಗ ಬಿಟ್ಟು.

"ಅಯ್ಯನವರ, ನಾ ಒಂದು ಮಾತು ಹೇಳ್ತೇನಿ. ನಾವು ಹಿಡಿ ಅಕ್ಕಿ ತಗೀತೀವಿ. ತಗಿಯೂವಾಗ ಗಡಿಗಿ ಖಾಲಿ ಮಾಡ್ತೀವೇನು? ಗಡಿಗಿ ಮನಿಯವರದು, ಹಿಡಿ ಅಷ್ಟ ಚೀಲದ್ದು. ಇಲ್ಲಿ ನಾವು ಆಕಿ ಗಡಿಗೀನ ಎತ್ತಿಕೊಂಡು ಬಂದ್ವಿ. ಆಕೀನ ಒಂದು ಮಾತು ಕೇಳಿದ್ವೇನು? ಈ ಮಷೀನು ಮುಚ್ಚೂದೋ ಬಿಡೂದೋ ಅನ್ನೂದನ್ನ ಇಲ್ಲಿ ನಿಂತು ನಾವ ಮಾತಾಡಿದ್ರ ಅದೂ ಅದ ತಪ್ಪು. ಆಕೀನ ಕೇಳೂಣು ನಡೀರಿ."

ಹಾಗೆ ಅಯ್ಯನವರು, ಎಲೀಷ, ಪ್ರಿಸಿಲ್ಲಾ, ನಾನು ವಾರ್ಡಿಗೆ ಹೋದೆವು. ರೇಣವ್ವ ದಿಂಬಿಗೆ ಒರಗಿ ಕೂತಿದ್ದಳು. ಯಂತ್ರ ಬಂದ್ ಇತ್ತು. ಔಷಧಿ ಕೊಟ್ಟಿದ್ದರೂ ಬೆವರು ಹಣೆಯಿಂದ ಇಳಿಯುತ್ತಿತ್ತು. ನೂರಕ್ಕೆ ನೂರು ಪಾಲು ಅವಳ ಹತ್ತಿರವೇ ಇತ್ತು.

ಎಲೀಷ ಕ್ಷಮೆ ಕೇಳಿದ. ಅವಳು ಅವನಿಗೆ ಪೂರ್ತಿ ಮಾತಾಡಲು ಬಿಡಲಿಲ್ಲ.

"ತಮ್ಮಾ, ನನ್ನ ನೋವು ನನಗ ಹೇಳದ ಕೇಳದ ಅಷ್ಟೂ ಒಯ್ದ್ರಿ. ನನ್ನ ಕೈ ನನ್ನ ಜೋಡಿ ಮಾತಾಡೂದ ಬಿಡ್ತು. ಎಣ್ಣಿ ಕಾದೈತೋ ಇಲ್ಲೋ ಅಂತ ಅದರ ಮ್ಯಾಲೆ ಅಂಗೈ ಹಿಡಿದು ನೋಡಾಕಿ ನಾ. ಕೈ ಸುಮ್ಮನಾದ್ರ ನನಗೇನು ಗೊತ್ತಾಗಬೇಕು?"

"ಅದಕ್ಕ ಮುಚ್ಚತೀವಿ ಯವ್ವಾ."

"ಯಾರು ಮುಚ್ಚು ಅಂದ್ರು?" ಅವಳು ಎದ್ದು ಕೂತಳು, ನೋವಿಗೆ ಮುಖ ಕಿವುಚಿದಳು. "ಈಗ ಈ ನೋವಿನಾಗ ನಾ ಬೆರಳ ಆಡಸೂದು ಹೆಂಗ? ಆಡಸಲಿಲ್ಲ ಅಂದ್ರ ಗಟ್ಟಿ ಆಗತಾವು ಅಂತ ಡಾಕ್ಟರು ಅಂದಾರ. ಒಯ್ರಿ, ಆದ್ರ ಸ್ವಲ್ಪ ನನಗ ಬಿಡ್ರಿ. ಎಷ್ಟು ಬಿಡಬೇಕು ಅನ್ನೂದನ್ನ ನಾ ಹೇಳ್ತೇನಿ."

ಪ್ರಿಸಿಲ್ಲಾ ಏನೋ ಹೊಳೆದವಳಂತೆ ಹೊರಗೆ ಹೋದಳು. ಆಸ್ಪತ್ರೆಯ ಸ್ಟೋರಿನಲ್ಲಿ ಹಳೆಯ ಫ್ಯಾನಿನ ರೆಗ್ಯುಲೇಟರುಗಳು ಬಿದ್ದಿದ್ದವು. ಸಂಜೆಯೊಳಗೆ ಅದರಲ್ಲಿ ಒಂದನ್ನು ಯಂತ್ರಕ್ಕೆ ಜೋಡಿಸಿ ರೇಣವ್ವನ ಮಂಚಕ್ಕೆ ಕಟ್ಟಿದಳು. ಸೊನ್ನೆಯ ಜಾಗವನ್ನು ಕಿತ್ತು ಹಾಕಿ, ಅಲ್ಲಿಗೆ ಮೊಳೆ ಬಡಿದಿದ್ದಳು. ಎಷ್ಟೇ ತಿರುಗಿಸಿದರೂ ಒಂದಕ್ಕಿಂತ ಕೆಳಗೆ ಹೋಗುವುದಿಲ್ಲ. ಒಂದು ಎಂದರೆ ನೂರರಲ್ಲಿ ಇಪ್ಪತ್ತು ಪಾಲು, ಎರಡು ಎಂದರೆ ನಲವತ್ತು; ಆ ಇಪ್ಪತ್ತು, ಬಳೆ ಎಷ್ಟೇ ಇರಲಿ, ರೋಗಿಯದೇ. ಆ ಪಾಲಿಗೆ ನಾವು ಮನೆ ಹಿಡಿ ಎಂದು ಹೆಸರಿಟ್ಟೆವು. ಬುಟ್ಟಿಯಿಂದ ಒಬ್ಬರಿಗೆ ಒಂದೇ ಬಳೆ ಎಂದು ಅಯ್ಯನವರು ಆಜ್ಞೆ ಮಾಡಿದರು. ನಮ್ಮವರು ಅವತ್ತಿನಿಂದ ಈಸ್ಟರ್‌ವರೆಗೆ ಚಹಾ ಬಿಟ್ಟರು. ನನ್ನ ತಪಸ್ಸು ಮತ್ತೆ ಶುರುವಾಯಿತು.

ಬೆರಳು ಆಡಿಸುವಾಗ ರೇಣವ್ವ ಎಡಗೈಯಿಂದ ರೆಗ್ಯುಲೇಟರನ್ನು ಎರಡಕ್ಕೆ ತಿರುಗಿಸುತ್ತಿದ್ದಳು, ನಾನು ಬ್ಯಾಂಡೇಜು ಬಿಚ್ಚುವ ಮೊದಲು ಮೂರಕ್ಕೆ. "ಒಳಗೇನು ನಡದೈತಿ ನಾನೂ ನೋಡ್ತೇನಿ," ಎನ್ನುತ್ತಿದ್ದಳು. ಒಂದು ವಾರ ಕಳೆಯಿತು. ಕೈ ಉಳಿಯಿತು. ಗುಡ್ ಫ್ರೈಡೇ ಹಿಂದಿನ ದಿನ ಅವಳು ನನ್ನ ಮೇಜಿನ ಮೇಲಿದ್ದ ಕತ್ತರಿಯನ್ನು ಬಲಗೈಯಲ್ಲಿ ಎತ್ತಿ, ತಿರುಗಿಸಿ, ಇಟ್ಟಳು. ಕಿರುಬೆರಳು ಮಾತ್ರ ಮಡಚಲಿಲ್ಲ, ಇಂದಿಗೂ ಮಡಚುವುದಿಲ್ಲ.

"ಝಾರಿಗೆ ನಾಕು ಬೆರಳು ಸಾಕು," ಅಂದಳು. "ಐದನೇದ್ದು ಗೋಬಿಯವಂಗ ತೋರಸಾಕ ಇರ್ಲಿ."

*

ಈಗ ಎರಡು ವರ್ಷವಾಯಿತು. ಎಲೀಷ, ಪ್ರಿಸಿಲ್ಲಾ ತಮ್ಮ ಮೂರು ವರ್ಷ ಮುಗಿಸಿದ್ದಾರೆ, ಆದರೆ ಹೋಗಿಲ್ಲ. ಮದುವೆ ಮಾಡಿಕೊಂಡು ಇಲ್ಲೇ ಇದ್ದಾರೆ. ಇನ್ನೂ ನಾಲ್ಕು ಆಸ್ಪತ್ರೆಗಳಿಗೆ ಬು‌ಟ್ಟಿ ಹೋಗಿದೆ. ಒಂದೂರಿನಲ್ಲಿ ಅದನ್ನು ಮಸೀದಿಯ ಬಾಗಿಲಲ್ಲಿ ಇಟ್ಟಿದ್ದಾರಂತೆ, ಇನ್ನೊಂದೂರಿನಲ್ಲಿ ಹಾಲಿನ ಡೇರಿಯಲ್ಲಿ. ಎಲ್ಲ ಕಡೆಯೂ ಮಂಚಕ್ಕೆ ಒಂದು ಫ್ಯಾನಿನ ರೆಗ್ಯುಲೇಟರು, ಸೊನ್ನೆಯ ಜಾಗದಲ್ಲಿ ಒಂದು ಮೊಳೆ.

ಹೋದ ತಿಂಗಳು ನಮ್ಮವರು ಚರ್ಚಿನ ಗಂಟೆಯ ಹಗ್ಗ ಬದಲಿಸಲು ಏಣಿ ಹತ್ತಿ, ಇಳಿಯುವಾಗ ಜಾರಿ ಎಡಗಾಲಿನ ಪಾದದ ಕೀಲು ಮುರಿದುಕೊಂಡರು. ಈ ವಯಸ್ಸಿನಲ್ಲಿ ಏಣಿ ಹತ್ತಬೇಡಿ ಎಂದು ಹೇಳಿದ್ದೆ. ಈಗ ವಾರ್ಡಿನಲ್ಲಿ ಮಲಗಿದ್ದಾರೆ, ಕೈಗೆ ಒಂದೇ ಒಂದು ಬಳೆ, ರೋಗಿಯ ಬಳೆ. ರೆಗ್ಯುಲೇಟರು ಎರಡರಲ್ಲಿದೆ. ದಾರಿಯಲ್ಲಿ ಸಿಕ್ಕವರೆಲ್ಲ ನನ್ನನ್ನು ನಿಲ್ಲಿಸಿ, ನಿಮ್ಮವರ ಕಾಲು ಹೆಂಗೈತ್ರಿ, ಯಾವ ಕಾಲು, ಪ್ಲಾಸ್ಟರು ಎಂದು ಬಿಚ್ಚತಾರ ಎಂದು ಕೇಳುತ್ತಾರೆ. ಊರಿಗೆ ಊರೇ ಕೇಳಿದೆ.

ನಿನ್ನೆ ಸಂಜೆ ಅವರು ಮಿರ್ಚಿ ಬೇಕು ಎಂದು ಮಗುವಿನ ಹಾಗೆ ಹಟ ಹಿಡಿದರು. ಸ್ಟೇಷನ್ ರಸ್ತೆಗೆ ಹೋದೆ. ರೇಣವ್ವನ ಬಂಡಿಯ ಮುಂದೆ ಜನ ಮುತ್ತಿದ್ದರು. ಬಲಗೈಯಲ್ಲಿ ಝಾರಿ, ಕಿರುಬೆರಳು ನೆಟ್ಟಗೆ. ಎಡಗೈ ಸೆರಗಿನೊಳಗೆ ಇತ್ತು. ಅವಳು ಎಡಗಾಲನ್ನು ಪೂರ್ತಿ ನೆಲಕ್ಕೆ ಊರದೆ, ಅದರ ತುದಿಯನ್ನಷ್ಟೇ ತಾಗಿಸಿ ನಿಂತು ಕರಿಯುತ್ತಿದ್ದಳು.

"ಕಾಲಿಗೇನಾತು ರೇಣವ್ವ?"

"ಏನಿಲ್ರಿ. ನಿಂತು ನಿಂತು ಹಿಡಕೊಂಡೈತಿ."

"ಹೂಂ," ಅಂದೆ.

ನಾಲ್ಕು ಮಿರ್ಚಿಗೆ ಹೇಳಿದ್ದೆ. ಐದು ಕಟ್ಟಿದಳು. "ಇದು ನಿಮ್ಮ ಮನಿಯವರಿಗೆ," ಅಂದಳು. ಅವರ ಕಾಲು ಹೇಗಿದೆ ಎಂದು ಮಾತ್ರ ಅವಳು ಕೇಳಲಿಲ್ಲ.